ಬಾಣ ಈಜಾಡಿದರೆ ಎಲ್ಲಿ ಕೈ ಹಾಕಬೇಕು: ನೇರ ಹಾರಾಟಕ್ಕೆ ದೋಷ ಹುಡುಕುವ ಕ್ರಮ

“ಸರ್, ಬಾಣ ಸೀದಾ ಹೋಗಂಗಿಲ್ಲ, ಈಜಾಡ್ತತಿ.” ದಾವಣಗೆರೆ ಕಡೆ ಬಿಲ್ಲು ಹಿಡಿದ ಹುಡುಗರಿಂದ ಬರುವ ದೂರು ಹೆಚ್ಚುಕಮ್ಮಿ ಇದೇ. ಇದುವರೆಗೆ ಏನೇನು ಮಾಡಿ ನೋಡಿದಿ ಎಂದು ಕೇಳಿದರೆ ಉತ್ತರ ಉದ್ದಕ್ಕೆ ಬರುತ್ತದೆ: ಪ್ಲಂಜರ್ ಬಿಗಿ ಮಾಡಿದೆ, ಆಮೇಲೆ ಸಡಿಲ ಮಾಡಿದೆ, ನಾಕಿಂಗ್ ಪಾಯಿಂಟ್ ಚೂರು ಮೇಲಕ್ಕೆ ಸರಿಸಿದೆ, ಗೆಳೆಯನ ರೆಸ್ಟ್ ಹಾಕಿ ನೋಡಿದೆ. ಎಲ್ಲವೂ ಒಂದೇ ಸಂಜೆಯಲ್ಲಿ. (ಬಾಣ ಪಕ್ಕಕ್ಕೆ ಒರಗುವ ಸ್ಪ್ರಿಂಗ್ ಗುಂಡಿಯೇ ಪ್ಲಂಜರ್, ಸ್ಟ್ರಿಂಗಿನ ಮೇಲೆ ಬಾಣ ಸಿಕ್ಕಿಸುವ ಜಾಗ ನಾಕಿಂಗ್ ಪಾಯಿಂಟ್, ಬಾಣ ಕೂರುವ ಆಸರೆ ರೆಸ್ಟ್.) ಅಷ್ಟು ಹೊತ್ತಿಗೆ ಮೊದಲಿದ್ದ ದೋಷ ಯಾವುದು, ರಿಪೇರಿಗೆ ಹೋಗಿ ಹೊಸದಾಗಿ ಸೇರಿಸಿಕೊಂಡದ್ದು ಯಾವುದು ಎಂದು ಬಿಡಿಸಲು ಯಾರಿಂದಲೂ ಆಗುವುದಿಲ್ಲ.

ಬಾಣ ಕೆಟ್ಟದಾಗಿ ಹಾರಿದಾಗ ಮೊದಲು ಬಾಣವನ್ನು ನೋಡಬೇಕು, ಆಮೇಲೆ ಬಿಲ್ಲನ್ನು. ಬಿಲ್ಲಿನಲ್ಲೂ ಪ್ಲಂಜರ್ ಎಲ್ಲಕ್ಕಿಂತ ಕೊನೆಗೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಮಾಡಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಈ ಎರಡು ಶಿಸ್ತು ಇಲ್ಲದವರಿಗೆ ಮುಂದಿನ ಯಾವ ಮಾತೂ ಕೆಲಸಕ್ಕೆ ಬರುವುದಿಲ್ಲ.

ಇಲ್ಲಿ ಹೇಳುವುದೆಲ್ಲ ರಿಕರ್ವ್ ಬಿಲ್ಲಿಗೆ (ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು), ಬಲಗೈಯಲ್ಲಿ ಎಳೆಯುವವರಿಗೆ. ಎಡಗೈಯವರು ಎಡ-ಬಲವನ್ನು ಅದಲುಬದಲು ಮಾಡಿಕೊಳ್ಳಿ. ಮೇಲೆ-ಕೆಳಗೆ ಮಾತ್ರ ಇಬ್ಬರಿಗೂ ಒಂದೇ. ಬಿದಿರಿನ ಬಿಲ್ಲಿನ ಮಾತನ್ನು ಕೊನೆಯ ಹೊತ್ತಿಗೆ ಬೇರೆಯಾಗಿ ಹೇಳಿದ್ದೇನೆ. ತುದಿಗಳಲ್ಲಿ ಕ್ಯಾಮ್ ಎಂಬ ಗಾಲಿಗಳಿರುವ ಕಾಂಪೌಂಡ್ ಬಿಲ್ಲಿನಲ್ಲಿ ಸ್ಟ್ರಿಂಗನ್ನು ಬೆರಳ ಬದಲು ರಿಲೀಸ್ ಎಂಬ ಸಣ್ಣ ಸಾಧನ ಬಿಡುವುದರಿಂದ ಬಾಣ ಬಾಗುವ ರೀತಿಯೇ ಬೇರೆ. ಅದರ ರೆಸ್ಟ್ ಮತ್ತು ಕ್ಯಾಮ್‌ಗಳ ಗೋಜಿಗೆ ಇಲ್ಲಿ ಹೋಗಿಲ್ಲ.

ಮೊದಲ ಪ್ರಶ್ನೆ: ಯಾವ ನಂಬರಿನ ಬಾಣ?

ಪರ್ಮನೆಂಟ್ ಮಾರ್ಕರ್ ತಗೊಂಡು ಪ್ರತಿ ಬಾಣದ ಗರಿಯ ಮೇಲೆ ನಂಬರ್ ಬರೆಯಿರಿ. ನಾಲ್ಕೈದು ಸುತ್ತು ಹೊಡೆದು, ಪ್ರತಿ ಸಲ ಯಾವ ನಂಬರ್ ಎಲ್ಲಿ ಬಿತ್ತು ಎಂದು ಕಾಗದದ ಮೇಲೆ ಚುಕ್ಕಿ ಹಾಕಿಕೊಳ್ಳಿ. ಅರ್ಧಕ್ಕರ್ಧ ದೂರುಗಳು ಇಲ್ಲಿಗೇ ಮುಗಿಯುತ್ತವೆ. ಮೂರನೇ ನಂಬರಿನ ಬಾಣ ಪ್ರತಿ ಸಲವೂ ಗುಂಪು ಬಿಟ್ಟು ಹೊರಗೆ ಬೀಳುತ್ತಿದ್ದರೆ ಬಿಲ್ಲಿನದಾಗಲಿ ನಿಮ್ಮ ಕೈಯದಾಗಲಿ ತಪ್ಪಿಲ್ಲ. ಆ ಒಂದು ಬಾಣಕ್ಕೆ ಏನೋ ಆಗಿದೆ. ಒಂದು ಸಲ ಮೂರು, ಇನ್ನೊಂದು ಸಲ ಐದು, ಹೀಗೆ ಯಾವುದೋ ಒಂದು ಹೊರಗೆ ಹೋಗುತ್ತಿದ್ದರೆ ಅದು ಹೊಡೆಯುವವರು ಸ್ಟ್ರಿಂಗ್ ಬಿಡುವ ರೀತಿಯ ವಿಷಯ, ಕೋಚ್ ಹತ್ತಿರ ಹೋಗಿ. ಎಲ್ಲ ಬಾಣಗಳೂ ಒಂದೇ ಥರ ಬಾಲ ಆಡಿಸುತ್ತ ಹೋಗುತ್ತಿದ್ದರೆ ಮಾತ್ರ ಬಾಣದ ಆಯ್ಕೆ ಅಥವಾ ಬಿಲ್ಲಿನ ಜೋಡಣೆಯ ಕಡೆ ತಿರುಗಬೇಕು.

ಒಂದೇ ಬಾಣ ಹಾದಿ ತಪ್ಪುತ್ತಿದ್ದರೆ

ಬಾಣದ ಮೊನೆಯನ್ನು ಅಂಗೈ ಮೇಲೆ ಊರಿ, ಶಾಫ್ಟನ್ನು (ಬಾಣದ ಕಡ್ಡಿಯನ್ನು) ಇನ್ನೊಂದು ಕೈಯ ಹೆಬ್ಬೆರಳು-ನಡುಬೆರಳ ಉಗುರುಗಳ ನಡುವೆ ಆನಿಸಿ, ಬುಗುರಿ ಆಡಿಸಿದಂತೆ ತಿರುಗಿಸಿ. ಬಾಣ ಸರಿಯಿದ್ದರೆ ಸದ್ದಿಲ್ಲದೆ ತಿರುಗುತ್ತದೆ. ಸೊಟ್ಟ ಇದ್ದರೆ ಉಗುರಿಗೆ ಗರಗರ ಎಂದು ಬಡಿಯುತ್ತದೆ. ಕಣ್ಣಿಗೆ ಕಾಣದ ಸೊಟ್ಟ ಕೂಡ ಉಗುರಿಗೆ ಗೊತ್ತಾಗುತ್ತದೆ. ಶಾಫ್ಟ್ ನೆಟ್ಟಗಿದ್ದು ಮೊನೆ ಮಾತ್ರ ಓಲಾಡಿದರೆ ಪಾಯಿಂಟ್ (ಮೊನೆಯ ಲೋಹದ ತುಣುಕು) ಓರೆಯಾಗಿ ಕೂತಿದೆ ಎಂದರ್ಥ. ಅದನ್ನು ತೆಗೆದು, ಹಳೆ ಅಂಟು ಕೆರೆದು, ಮತ್ತೆ ಕೂರಿಸಿ.

ಅಲ್ಯುಮಿನಿಯಂ ಬಾಣ ಬಾಗುತ್ತದೆ. ಕಾರ್ಬನ್ ಬಾಗಿದಂತೆ ಉಳಿಯುವುದಿಲ್ಲ, ಬಿರುಕು ಬಿಡುತ್ತದೆ, ಮತ್ತು ಬಿರುಕು ಬಿಟ್ಟ ಕಾರ್ಬನ್ ಬಾಣ ಎಳೆದು ಬಿಡುವಾಗ ಸೀಳಿ ಬಿಲ್ಲು ಹಿಡಿದ ಕೈಗೇ ಚುಚ್ಚಬಹುದು. ಕಲ್ಲಿಗೆ ತಗುಲಿದ, ಟಾರ್ಗೆಟ್ಟಿನ ಕಟ್ಟಿಗೆ ಚೌಕಟ್ಟಿಗೆ ಹೊಡೆದ, ಇನ್ನೊಂದು ಬಾಣ ಬಂದು ಬಡಿದ ಯಾವ ಕಾರ್ಬನ್ ಬಾಣವನ್ನೂ ಪರೀಕ್ಷೆ ಇಲ್ಲದೆ ಮತ್ತೆ ಹೊಡೆಯಬೇಡಿ. ಎರಡೂ ತುದಿ ಹಿಡಿದು ಮೈಯಿಂದ ದೂರಕ್ಕೆ ಮೆಲ್ಲಗೆ ಬಾಗಿಸಿ, ಚೂರು ತಿರುಗಿಸಿ ಮತ್ತೆ ಬಾಗಿಸಿ, ಕಿವಿಗೊಟ್ಟು ಕೇಳಿ. ಚಟ್ ಎಂಬ ಸಣ್ಣ ಸದ್ದು ಬಂದರೂ ಸಾಕು, ಬಾಣ ಮುರಿದು ಬಿಸಾಕಿ. ಅಪ್ಪ-ಅಮ್ಮ ದುಡ್ಡು ಕೊಟ್ಟು ತಂದದ್ದು ಎಂದು ಟೇಪ್ ಸುತ್ತಿ ಹೊಡೆಯುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಬಾಣ ನೆಟ್ಟಗಿದೆ, ಬಿರುಕೂ ಇಲ್ಲ ಎಂದಾದರೆ ನಾಕ್ (ಸ್ಟ್ರಿಂಗಿಗೆ ಸಿಕ್ಕಿಸುವ, ಬಾಲದ ತುದಿಯ ತುಣುಕು) ನೋಡಿ. ಇಡೀ ಬಾಣದಲ್ಲಿ ಅಗ್ಗದ ಭಾಗ ಇದು, ತೊಂದರೆ ಕೊಡುವುದರಲ್ಲಿ ಮೊದಲು. ಪ್ಲಾಸ್ಟಿಕ್ ನಾಕಿನ ಬಾಯಿ ಸವೆದು ಸಡಿಲವಾಗಿರುತ್ತದೆ, ಇಲ್ಲವೇ ಕೂದಲಿನಷ್ಟು ಸೀಳಿರುತ್ತದೆ. ಬಾಣವನ್ನು ಸ್ಟ್ರಿಂಗಿಗೆ ಸಿಕ್ಕಿಸಿ, ಬಿಲ್ಲನ್ನು ಅಡ್ಡ ಹಿಡಿದು ಬಾಣ ನೆಲದ ಕಡೆ ನೇತಾಡುವಂತೆ ಮಾಡಿ. ನಾಕಿನಿಂದ ಒಂದೆರಡು ಇಂಚು ಆಚೆ ಸ್ಟ್ರಿಂಗ್ ಮೇಲೆ ಬೆರಳಿನಿಂದ ತಟ್ಟಿದರೆ ಬಾಣ ಕಳಚಿ ಬೀಳಬೇಕು. ತಟ್ಟುವ ಮೊದಲೇ ಬಿದ್ದರೆ ಸಡಿಲ; ಎಳೆದಾಗ ಕಳಚಿಕೊಂಡರೆ ಬಾಣವಿಲ್ಲದೆ ಸ್ಟ್ರಿಂಗ್ ಬಿಟ್ಟಂತಾಗಿ ಲಿಂಬ್ (ಬಿಲ್ಲಿನ ಬಾಗುವ ತೋಳು) ಒಡೆಯುವ ಅಪಾಯವಿದೆ. ಜೋರಾಗಿ ತಟ್ಟಿದರೂ ಬೀಳದಿದ್ದರೆ ಬಿಗಿ. ಬಾಣ ಸ್ಟ್ರಿಂಗಿನಿಂದ ಸಲೀಸಾಗಿ ಬಿಟ್ಟುಕೊಳ್ಳದೆ ಒದ್ದಾಡಿ ಹೊರಡುತ್ತದೆ. ಒಂದು ಬಾಣ ಬಿಗಿ, ಉಳಿದವು ಸರಿ ಎಂದರೆ ನಾಕ್ ಬದಲಿಸಿ. ಎಲ್ಲವೂ ಬಿಗಿ ಎಂದರೆ ಸ್ಟ್ರಿಂಗಿನ ನಡುವೆ ಸುತ್ತಿದ ಸರ್ವಿಂಗ್ ದಾರ ದಪ್ಪವಾಯಿತು.

ಹರಿದ ಗರಿ, ಅಂಟು ಬಿಟ್ಟು ಎದ್ದ ಗರಿ ಕಣ್ಣಿಗೇ ಕಾಣುತ್ತವೆ. ಅದಕ್ಕೆ ಹೆಚ್ಚು ಹೇಳಬೇಕಿಲ್ಲ.

ಎಲ್ಲ ಬಾಣವೂ ಈಜಾಡಿದರೆ: ಹಾರಾಟವನ್ನು ಓದುವುದು

ಹೊಡೆಯುವವರಿಗೆ ತಮ್ಮ ಬಾಣ ಕಾಣುವುದಿಲ್ಲ. ಹಿಂದೆ, ಭುಜದ ನೇರಕ್ಕೆ ಇನ್ನೊಬ್ಬರನ್ನು ನಿಲ್ಲಿಸಿ. ಮೊಬೈಲಿನ ಸ್ಲೋ ಮೋಷನ್ ವಿಡಿಯೋ ಇನ್ನೂ ವಾಸಿ. ಬಾಣದ ಬಾಲ ಎಡಕ್ಕೆ-ಬಲಕ್ಕೆ ಆಡುತ್ತಿದೆಯೋ, ಮೇಲೆ-ಕೆಳಗೆ ಕುಣಿಯುತ್ತಿದೆಯೋ ಎಂಬುದು ಗೊತ್ತಾದರೆ ಹುಡುಕುವ ಜಾಗ ಅರ್ಧಕ್ಕೆ ಇಳಿಯುತ್ತದೆ. ಮೇಲೆ-ಕೆಳಗೆ ಎಂದರೆ ಬಹುತೇಕ ನಾಕಿಂಗ್ ಪಾಯಿಂಟ್. ಎಡ-ಬಲ ಎಂದರೆ ಬಾಣದ ಬಿಗಿ (ಶಾಫ್ಟ್ ಬಾಗಲು ಎಷ್ಟು ಗಟ್ಟಿ), ಸೆಂಟರ್ ಶಾಟ್ (ಬಾಣ ಬಿಲ್ಲಿನ ನಡುಗೆರೆಗೆ ಎಷ್ಟು ಹೊಂದಿ ಕೂತಿದೆ), ಪ್ಲಂಜರ್ ಈ ಮೂರರಲ್ಲೊಂದು. ಬಾಲ ಸಣ್ಣಗೆ, ಬಲು ವೇಗವಾಗಿ ಪಟಪಟ ಅಲ್ಲಾಡಿದರೆ ಗರಿ ಎಲ್ಲೋ ರೆಸ್ಟಿಗೋ ರೈಸರಿಗೋ (ಬಿಲ್ಲಿನ ನಡುವಿನ, ಕೈಹಿಡಿಯ ಭಾಗ) ತಗುಲುತ್ತಿದೆ.

ಎಡ-ಬಲದ ಮೂರನ್ನು ಬೇರೆ ಬೇರೆ ಮಾಡುವುದಕ್ಕೆ ಬಿಲ್ಲನ್ನು ಮೊದಲು ಒಂದು ಗೊತ್ತಾದ ನೆಲೆಗೆ ತರಬೇಕು.

ಬಿಲ್ಲಿನ ನೆಲೆ

ಸ್ಟ್ರಿಂಗಿನಿಂದ ಗ್ರಿಪ್ಪಿನ ಆಳದವರೆಗಿನ ದೂರಕ್ಕೆ ಬ್ರೇಸ್ ಹೈಟ್ ಎನ್ನುತ್ತಾರೆ. 68 ಇಂಚಿನ ರಿಕರ್ವ್ ಬಿಲ್ಲಿಗೆ ಇದು ಎಂಟೂವರೆಯಿಂದ ಎಂಟೂಮುಕ್ಕಾಲು ಇಂಚಿನ ಆಸುಪಾಸು. 66 ಇಂಚಿನದಕ್ಕೆ ಚೂರು ಕಡಿಮೆ, 70ಕ್ಕೆ ಚೂರು ಹೆಚ್ಚು. ಸ್ಟ್ರಿಂಗಿಗೆ ಹುರಿ ಹಾಕಿದರೆ ಏರುತ್ತದೆ, ಬಿಚ್ಚಿದರೆ ಇಳಿಯುತ್ತದೆ. ಕಲಿಕೆಯ ಬಿಲ್ಲುಗಳಲ್ಲಿ ಬರುವ ಡಾಕ್ರಾನ್ ಸ್ಟ್ರಿಂಗ್ ಹಿಗ್ಗುವ ಜಾತಿ. ಬೆಳಿಗ್ಗೆ ಅಳೆದ ಬ್ರೇಸ್ ಹೈಟ್ ಮಧ್ಯಾಹ್ನ ಇರುವುದಿಲ್ಲ. “ನಿನ್ನೆ ಚೆನ್ನಾಗಿ ಹೋಗ್ತಿತ್ತು ಸರ್” ಎನ್ನುವ ಎಷ್ಟೋ ದೂರುಗಳಿಗೆ ಉತ್ತರ ಇಷ್ಟೇ. ಆದ್ದರಿಂದ ಪ್ರತಿದಿನ ಸ್ಟ್ರಿಂಗ್ ಏರಿಸಿದ ಮೇಲೆ ಅಳೆಯಿರಿ.

ಬೋ ಸ್ಕ್ವೇರ್ (ಸ್ಟ್ರಿಂಗಿಗೆ ಸಿಕ್ಕಿಸುವ ಲಂಬಕೋನದ ಅಳತೆಪಟ್ಟಿ) ಇಟ್ಟು, ರೆಸ್ಟಿನ ನೇರಕ್ಕಿಂತ ಅರ್ಧ ಇಂಚು ಮೇಲೆ ನಾಕಿಂಗ್ ಪಾಯಿಂಟ್ ಇರುವಂತೆ ಶುರು ಮಾಡಿ. ಮೇಲಿನಿಂದಲೇ ಶುರು ಮಾಡುವುದಕ್ಕೆ ಕಾರಣವಿದೆ: ಅದು ತೀರಾ ಕೆಳಗಿದ್ದರೆ ಬಾಣದ ಬಾಲ ರೆಸ್ಟಿಗೆ ಬಡಿದು ಪುಟಿಯುತ್ತದೆ, ಆಗ ನೀವು ನೋಡುವ ಯಾವ ಪರೀಕ್ಷೆಯೂ ನಿಜ ಹೇಳುವುದಿಲ್ಲ. ನಾಕಿನ ಮೇಲೊಂದು ಕೆಳಗೊಂದು ಗಂಟು ಕಟ್ಟುವವರು ನಡುವೆ ಕೂದಲಷ್ಟು ಸಂದು ಬಿಡಿ. ಸಂದು ಇಲ್ಲದಿದ್ದರೆ, ಪೂರ್ತಿ ಎಳೆದಾಗ ಸ್ಟ್ರಿಂಗ್ ಚೂಪಾಗಿ ಮಡಚಿ ಆ ಎರಡು ಗಂಟು ನಾಕನ್ನು ಕಚ್ಚಿ ಹಿಡಿಯುತ್ತವೆ. ಹಿತ್ತಾಳೆ ಕ್ಲಿಪ್ಪಿಗಿಂತ ದಾರದ ಗಂಟೇ ವಾಸಿ ಎಂದು ನನಗನಿಸುತ್ತದೆ. ಹಗುರ, ಮೇಲೆ-ಕೆಳಗೆ ತಿರುಗಿಸಿ ಸರಿಸಲೂ ಬರುತ್ತದೆ.

ಇನ್ನು ಸೆಂಟರ್ ಶಾಟ್. ಬಿಲ್ಲಿಗೆ ಬಾಣ ಹೂಡಿ, ಹಿಂದೆ ನಿಂತು, ಸ್ಟ್ರಿಂಗ್ ಎರಡೂ ಲಿಂಬ್‌ಗಳ ನಡುಮಧ್ಯೆ ಹಾದುಹೋಗುವಂತೆ ಕಣ್ಣಳತೆ ಮಾಡಿ. ಬಾಣದ ಮೊನೆ ಸ್ಟ್ರಿಂಗಿನ ಎಡಕ್ಕೆ ಚೂರೇ ಚೂರು, ಒಂದೂವರೆಯಿಂದ ಮೂರು ಮಿಲಿಮೀಟರಿನಷ್ಟು, ಹೊರಗೆ ಕಾಣಬೇಕು. ಪ್ಲಂಜರಿನ ಉದ್ದ ಬದಲಿಸಿ ಇದನ್ನು ಹೊಂದಿಸುತ್ತಾರೆ. ಒಳಗಿನ ಸ್ಪ್ರಿಂಗನ್ನು ಸದ್ಯಕ್ಕೆ ನಡುಮಟ್ಟದಲ್ಲಿಟ್ಟು ಮರೆತುಬಿಡಿ.

ಗರಿ ಇಲ್ಲದ ಬಾಣ

ಇಡೀ ಬರಹದಲ್ಲಿ ಒಂದೇ ಒಂದು ಪರೀಕ್ಷೆ ಮಾಡುವುದಾದರೆ ಇದನ್ನು ಮಾಡಿ. ನಿಮ್ಮ ಸೆಟ್ಟಿನ ಒಂದೆರಡು ಬಾಣಗಳ ಗರಿ ಕಿತ್ತುಬಿಡಿ. ಅದೇ ಉದ್ದ, ಅದೇ ಪಾಯಿಂಟ್, ಅದೇ ನಾಕ್, ಗರಿ ಮಾತ್ರ ಇಲ್ಲ. ಗರಿ ಕಿತ್ತ ಜಾಗದಲ್ಲಿ ಅಷ್ಟೇ ತೂಕದ ಟೇಪ್ ಸುತ್ತಿದರೆ ಲೆಕ್ಕ ಇನ್ನೂ ಸರಿ ಕೂರುತ್ತದೆ.

ಗರಿಗಳ ಕೆಲಸ ಬಾಣವನ್ನು ಹಾದಿಗೆ ತರುವುದು. ಆದರೆ ಹಳಸಿದ ಸಾರಿಗೆ ಇಂಗಿನ ಒಗ್ಗರಣೆ ಹಾಕಿದ ಹಾಗೆ ಅವು ಒಳಗಿನ ದೋಷವನ್ನು ಮುಚ್ಚಿಯೂ ಬಿಡುತ್ತವೆ. ಹತ್ತಿರದಲ್ಲಿ ಗುಂಪು ಚೆನ್ನಾಗಿ ಕಾಣುತ್ತದೆ. ದೂರ ಹೋದಂತೆ ಹದಗೆಡುತ್ತದೆ. 70 ಮೀಟರಿನ 122 ಸೆಂಟಿಮೀಟರ್ ಟಾರ್ಗೆಟ್ಟಿನಲ್ಲಿ ಹತ್ತರ ವೃತ್ತದ ಅಗಲ 12.2 ಸೆಂಟಿಮೀಟರ್ ಮಾತ್ರ. ಅಲ್ಲಿ ಯಾವ ಒಗ್ಗರಣೆಯೂ ನಡೆಯುವುದಿಲ್ಲ.

18 ಮೀಟರಿನಿಂದ ಮೂರು ಗರಿ ಬಾಣ, ಎರಡು ಬರಿ ಬಾಣ, ಎಲ್ಲಕ್ಕೂ ಒಂದೇ ಗುರಿ. ಗರಿ ಬಾಣಗಳು ಒಟ್ಟಾಗಿ ಬೀಳದಿದ್ದರೆ ನಿಲ್ಲಿಸಿ. ಗುಂಪೇ ಇಲ್ಲದವರಿಗೆ ಬರಿ ಬಾಣ ಏನನ್ನೂ ಹೇಳುವುದಿಲ್ಲ. ಗುಂಪು ಬಿದ್ದಿದ್ದರೆ, ಬರಿ ಬಾಣ ಅದಕ್ಕಿಂತ ಎಲ್ಲಿ ಬಿತ್ತು ನೋಡಿ. ಒಂದು ಸಲ ನೋಡಿ ತೀರ್ಮಾನಕ್ಕೆ ಬರಬೇಡಿ, ಮತ್ತೆ ಮತ್ತೆ ಅಲ್ಲೇ ಬೀಳುತ್ತದೆಯೇ ಗಮನಿಸಿ.

ಮೊದಲು ಮೇಲೆ-ಕೆಳಗಿನದನ್ನು ಮುಗಿಸಿ. ಬರಿ ಬಾಣ ಗುಂಪಿಗಿಂತ ಮೇಲೆ ಬಿದ್ದರೆ ನಾಕಿಂಗ್ ಪಾಯಿಂಟ್ ಕೆಳಗಿದೆ, ಅದನ್ನು ಮೇಲಕ್ಕೆ ಸರಿಸಿ. ಕೆಳಗೆ ಬಿದ್ದರೆ ನಾಕಿಂಗ್ ಪಾಯಿಂಟ್ ಮೇಲಿದೆ, ಕೆಳಕ್ಕೆ ಇಳಿಸಿ. ಒಂದು ಸಲಕ್ಕೆ ಒಂದೂವರೆ ಮಿಲಿಮೀಟರ್ ಸಾಕು.

ಆಮೇಲೆ ಎಡ-ಬಲ. ಬರಿ ಬಾಣ ಗುಂಪಿನ ಎಡಕ್ಕೆ ಬಿದ್ದರೆ ನಿಮ್ಮ ಬಿಲ್ಲಿಗೆ ಬಾಣ ಬಿಗಿಯಾಯಿತು. ಬಲಕ್ಕೆ ಬಿದ್ದರೆ ಮೆತ್ತಗಾಯಿತು. ನಾಲ್ಕು ಬೆರಳಗಲದ ಒಳಗಿದ್ದರೆ ಪ್ಲಂಜರ್ ನೋಡಿಕೊಳ್ಳುತ್ತದೆ. ಒಂದು ಗೇಣು ಮೀರಿ ಹೋಗುತ್ತಿದ್ದರೆ ಪ್ಲಂಜರ್ ಸ್ಕ್ರೂ ತಿರುಗಿಸಿ ಸುಸ್ತಾಗಬೇಡಿ, ಬಾಣವೇ ನಿಮ್ಮದಲ್ಲ.

ಒಂದು ಎಚ್ಚರಿಕೆ. ಊರ ಕಡೆ ಮಂಡಕ್ಕಿ ಚೀಲಕ್ಕೆ ಹಳೇ ಬಟ್ಟೆ ತುಂಬಿ ಹೊಲಿದ ಟಾರ್ಗೆಟ್ ಬಳಸುವವರು ಬಹಳ. ಅದರಲ್ಲಿ ಬಾಣ ನಾಟಿದ ಕೋನ ನೋಡಿ ಬಾಲ ಆ ಕಡೆ ವಾಲಿದೆ, ಈ ಕಡೆ ವಾಲಿದೆ ಎಂದು ಅರ್ಥ ಹಚ್ಚಬೇಡಿ. ಒಳಗಿನ ಬಟ್ಟೆಯ ಗಂಟು ಬಾಣವನ್ನು ತನಗೆ ಬೇಕಾದ ಕಡೆ ತಿರುಗಿಸಿರುತ್ತದೆ. ಬಿದ್ದ ಜಾಗ ನಂಬಿ, ವಾಲಿದ ಕೋನ ಬಿಡಿ. ಗಟ್ಟಿ ಫೋಮ್ ಟಾರ್ಗೆಟ್ ಇದ್ದವರಿಗೆ ಈ ತೊಂದರೆ ಕಡಿಮೆ.

ಬಾಣದ ಬಿಗಿ ಎಂದರೇನು, ಎಲ್ಲಿ ಮೋಸ ಹೋಗುತ್ತೀರಿ

ಬೆರಳಿನಿಂದ ಜಾರುವ ಸ್ಟ್ರಿಂಗ್ ಪಕ್ಕಕ್ಕೆ ಒಲೆದು, ಹಿಂದಿನಿಂದ ಒಮ್ಮೆಲೇ ತಳ್ಳುತ್ತದೆ. ಬಾಣದ ಮೊನೆ ಭಾರ, ಅಲುಗದೆ ನಿಲ್ಲಲು ನೋಡುತ್ತದೆ. ನಡುವೆ ಸಿಕ್ಕ ಶಾಫ್ಟ್ ಬಿಲ್ಲಾಗುತ್ತದೆ. ಹೀಗೆ ಬಾಗಿ, ಮತ್ತೆ ಆ ಕಡೆ ಬಾಗಿ, ಹಾವಿನ ಓಟದಲ್ಲಿ ಬಾಣ ರೈಸರನ್ನು ಬಳಸಿ ದಾಟುತ್ತದೆ. ಅಳತೆ ಸರಿಯಿದ್ದರೆ ಗರಿ ರೈಸರ್ ಹತ್ತಿರ ಬರುವ ಹೊತ್ತಿಗೆ ಬಾಲ ಹೊರಗೆ ಬಾಗಿರುತ್ತದೆ, ಎಲ್ಲೂ ತಗುಲುವುದಿಲ್ಲ. ಬಿಗಿ ಬಾಣ ಸಾಕಷ್ಟು ಬಾಗದೆ ಎಡಕ್ಕೆ ಚಿಮ್ಮುತ್ತದೆ. ಮೆತ್ತನೆಯದು ಹೆಚ್ಚು ಬಾಗಿ ಬಲಕ್ಕೆ ಹೋಗುತ್ತದೆ.

ಈ ಬಿಗಿಯ ಅಳತೆಗೆ ಸ್ಪೈನ್ ಎನ್ನುತ್ತಾರೆ. 29 ಇಂಚಿನ ಶಾಫ್ಟನ್ನು 28 ಇಂಚು ಅಂತರದ ಎರಡು ಆಸರೆಗಳ ಮೇಲಿಟ್ಟು, ನಡುವೆ 880 ಗ್ರಾಂ ತೂಗುಹಾಕಿದಾಗ ಎಷ್ಟು ತಗ್ಗುತ್ತದೋ ಅದೇ ಸ್ಪೈನ್. ಅರ್ಧ ಇಂಚು, ಅಂದರೆ 0.500 ಇಂಚು ತಗ್ಗಿದರೆ 500. ಆದ್ದರಿಂದ ನಂಬರ್ ದೊಡ್ಡದಾದಷ್ಟೂ ಬಾಣ ಮೆತ್ತಗೆ. ಇಲ್ಲೇ ಜನ ಎಡವುವುದು. ದೊಡ್ಡ ನಂಬರ್ ಎಂದರೆ ಗಟ್ಟಿ ಬಾಣ ಎಂದುಕೊಂಡು, ಮಗ ಬೆಳೆಯುತ್ತಾನಲ್ಲ ಎಂದು ಮುಂದಾಲೋಚನೆ ಮಾಡಿ ಕೊಳ್ಳುತ್ತಾರೆ.

ಇದಕ್ಕೂ ಹೆಚ್ಚಾಗಿ ಕಾಣುವುದು ಇದರ ಉಲ್ಟಾ ಕೇಸು. ಒಬ್ಬ ಹುಡುಗನ ಅಪ್ಪ ಆನ್‌ಲೈನಿನಲ್ಲಿ ಒಂದು ಡಜನ್ ಕಾರ್ಬನ್ ಬಾಣ ತರಿಸಿದ್ದರು. ಚೆಂದದ ಕಪ್ಪು ಶಾಫ್ಟ್, ಮೇಲೆ 340 ಎಂದು ಬರೆದಿತ್ತು. ಕಾಂಪೌಂಡ್ ಬಿಲ್ಲಿಗೆ ಹೇಳಿ ಮಾಡಿಸಿದ ಬಾಣ. ಹುಡುಗ ಎಳೆಯುತ್ತಿದ್ದದ್ದು 26 ಪೌಂಡಿನ (ಎಳೆಯಲು ಬೇಕಾದ ಬಲ, ಅಂದರೆ ಪೌಂಡೇಜ್) ರಿಕರ್ವ್. ಬರಿ ಬಾಣ ಗುಂಪಿನಿಂದ ಎಡಕ್ಕೆ ಮೊಳ ದೂರ ಹೋಗಿ ಚೌಕಟ್ಟಿಗೆ ಬಡಿಯಿತು. “ಪಾಯಿಂಟ್ ಭಾರ ಮಾಡಿದ್ರೆ ಮೆತ್ತಗಾಗಲ್ವಾ ಸರ್?” ಎಂದು ಅಪ್ಪ ಕೇಳಿದರು. ಪ್ರಶ್ನೆ ಸರಿಯಾದದ್ದೇ, ಭಾರದ ಪಾಯಿಂಟ್ ಬಾಣದ ವರ್ತನೆಯನ್ನು ಮೆತ್ತಗೆ ಮಾಡುತ್ತದೆ. ಆದರೆ 340ರ ಶಾಫ್ಟನ್ನು 26 ಪೌಂಡಿಗೆ ಇಳಿಸುವಷ್ಟು ಭಾರದ ಪಾಯಿಂಟ್ ಹಾಕಿದರೆ ಬಾಣ ಟಾರ್ಗೆಟ್ ಮುಟ್ಟುವ ಮೊದಲೇ ನೆಲ ನೋಡುತ್ತದೆ. ಆ ಡಜನ್ ಬಾಣ ಕಾಂಪೌಂಡ್ ಹೊಡೆಯುವ ಒಬ್ಬರಿಗೆ ಹೋಯಿತು, ಹುಡುಗನಿಗೆ ಅಗ್ಗದ ಮೆತ್ತನೆ ಶಾಫ್ಟ್ ಬಂತು.

ಅಂದಾಜಿಗೆ ಹೇಳುವುದಾದರೆ, 28 ಇಂಚಿನ ಬಾಣಕ್ಕೆ ಬೆರಳಿನಲ್ಲಿ 26 ಪೌಂಡ್ ಎಳೆಯುವವರಿಗೆ ಸ್ಪೈನ್ 800ರಿಂದ 900ರ ಆಸುಪಾಸು, 40 ಪೌಂಡಿನವರಿಗೆ 500ರಿಂದ 600ರ ನಡುವೆ. ಕೊಳ್ಳುವ ಮೊದಲು ಆ ಬಾಣ ತಯಾರಿಸಿದವರ ಚಾರ್ಟ್ ನೋಡಲೇಬೇಕು. ಚಾರ್ಟಿಗೆ ಎರಡು ಸಂಖ್ಯೆ ಬೇಕು: ನಿಮ್ಮ ಬೆರಳಿನ ಮೇಲಿರುವ ನಿಜವಾದ ಪೌಂಡೇಜ್, ಬಾಣದ ಉದ್ದ.

ಲಿಂಬಿನ ಮೇಲೆ ಬರೆದ ಪೌಂಡೇಜ್ 28 ಇಂಚು ಎಳೆತಕ್ಕೆ. ಒಂದು ಇಂಚು ಕಡಿಮೆ ಎಳೆದರೆ ಸುಮಾರು ಎರಡು ಪೌಂಡ್ ಕಡಿಮೆ, ಹೆಚ್ಚು ಎಳೆದರೆ ಅಷ್ಟೇ ಹೆಚ್ಚು. 30 ಎಂದು ಬರೆದ ಲಿಂಬನ್ನು 26 ಇಂಚಿಗೆ ಎಳೆಯುವ ಹುಡುಗಿಯ ಕೈಗೆ ಬರುವುದು 26 ಪೌಂಡ್ ಅಷ್ಟೇ. ಇದನ್ನು ಅಳೆಯಲು ದುಬಾರಿ ಸಾಮಾನು ಬೇಡ. ಮೆಕ್ಕೆಜೋಳದ ಚೀಲ ತೂಗುವವರ ಹತ್ತಿರ ಕೊಕ್ಕೆ ಇರುವ ಡಿಜಿಟಲ್ ತೂಕದ ಯಂತ್ರ ಇರುತ್ತದೆ. ಸಣ್ಣದೊಂದನ್ನು ಕೇಳಿ ತಗೊಂಡು, ಕೊಕ್ಕೆಯನ್ನು ಸ್ಟ್ರಿಂಗಿಗೆ ಸಿಕ್ಕಿಸಿ ನಿಮ್ಮ ಎಳೆತದಷ್ಟು ಎಳೆಯಿರಿ. ಕಿಲೋವನ್ನು 2.2ರಿಂದ ಗುಣಿಸಿ. 12 ಕಿಲೋ ತೋರಿಸಿದರೆ 26 ಪೌಂಡ್ ಚಿಲ್ಲರೆ.

ಉದ್ದಕ್ಕೆ, ಗೆಳೆಯರೊಬ್ಬರು ಪಕ್ಕದಲ್ಲಿ ನಿಂತು, ನೀವು ಪೂರ್ತಿ ಎಳೆದಾಗ ರೈಸರಿನ ಮುಂಚಾಚಿನ ನೇರಕ್ಕೆ ಬಾಣದ ಮೇಲೆ ಗುರುತು ಮಾಡಲಿ. ಕಲಿಯುವವರಿಗೆ ಆ ಗುರುತಿನಿಂದ ಒಂದೆರಡು ಇಂಚು ಮುಂದೆ ಕತ್ತರಿಸುವುದು ಕ್ಷೇಮ. ಮೈ ಬೆಳೆಯುವ ವಯಸ್ಸು, ಎಳೆತವೂ ಬೆಳೆಯುತ್ತದೆ. ಗಿಡ್ಡ ಬಾಣ ರೆಸ್ಟ್ ದಾಟಿ ಹಿಂದಕ್ಕೆ ಬಿದ್ದು ಕೈಗೆ ಚುಚ್ಚುವುದು ಈ ಆಟದ ಅತಿ ಕೆಟ್ಟ ಗಾಯಗಳಲ್ಲೊಂದು. ಉದ್ದ ಬಾಣ ಮೆತ್ತಗೆ ವರ್ತಿಸುತ್ತದೆ, ಕತ್ತರಿಸಿದರೆ ಬಿಗಿಯಾಗುತ್ತದೆ ಎಂಬುದನ್ನು ಮರೆಯಬೇಡಿ. ಬರಿ ಬಾಣ ಬಲಕ್ಕೆ ಬೀಳುತ್ತಿದ್ದು, ಬಾಣದಲ್ಲಿ ಉದ್ದ ಮಿಕ್ಕಿದ್ದರೆ ಅರ್ಧ ಇಂಚು ಕತ್ತರಿಸಿ ನೋಡಬಹುದು. ಒಂದೇ ಬಾಣ ಕತ್ತರಿಸಿ ನೋಡಿ, ಡಜನ್ ಅಲ್ಲ.

ಅಲ್ಯುಮಿನಿಯಂ ಶಾಫ್ಟ್ ಮೇಲಿನ 1616, 1716, 1816 ಎಂಬ ಅಂಕಿಗಳು ಸ್ಪೈನ್ ಅಲ್ಲ. ಮೊದಲೆರಡು ಅಂಕಿ ಕೊಳವೆಯ ಹೊರ ಅಗಲ, ಇಂಚಿನ 64ನೇ ಭಾಗಗಳಲ್ಲಿ. ಕೊನೆಯೆರಡು ಗೋಡೆಯ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ. 1716 ಎಂದರೆ 17/64 ಇಂಚು ಅಗಲ, 0.016 ಇಂಚು ದಪ್ಪ. ಗೋಡೆ ಒಂದೇ ಇದ್ದಾಗ ಅಗಲ ಹೆಚ್ಚಿದರೆ ಬಾಣ ಬಿಗಿ.

ಮನೆಯಲ್ಲೇ ಸ್ಪೈನ್ ಅಳೆಯುವುದು

ಯಾರಾದರೂ ಕೊಟ್ಟ ಹಳೇ ಶಾಫ್ಟಿನ ಮೇಲೆ ನಂಬರ್ ಅಳಿಸಿಹೋಗಿದ್ದರೆ ಗೋಡೆಗೋ ಹಲಗೆಗೋ 71.1 ಸೆಂಟಿಮೀಟರ್ ಅಂತರದಲ್ಲಿ, ಒಂದೇ ಮಟ್ಟಕ್ಕೆ ಎರಡು ಮೊಳೆ ಹೊಡೆಯಿರಿ. ಒಂದು ಪ್ಲಾಸ್ಟಿಕ್ ಬಾಟಲಿಗೆ ನೀರು ತುಂಬಿ, ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಬಾಟಲಿ-ದಾರ-ನೀರು ಸೇರಿ 880 ಗ್ರಾಂ ಆಗುವಂತೆ ಚೆಲ್ಲಿ ಹೊಂದಿಸಿ. ಶಾಫ್ಟ್ ಇಟ್ಟು, ನಡುಮಧ್ಯದ ಎತ್ತರ ಗುರುತಿಸಿ, ಬಾಟಲಿ ತೂಗುಹಾಕಿ, ಎಷ್ಟು ಮಿಲಿಮೀಟರ್ ತಗ್ಗಿತು ನೋಡಿ. ಆ ಸಂಖ್ಯೆಯನ್ನು 25.4ರಿಂದ ಭಾಗಿಸಿ 1000ದಿಂದ ಗುಣಿಸಿದರೆ ಸ್ಪೈನ್ ಬಂತು: 12.7 ಮಿಲಿಮೀಟರ್ ತಗ್ಗಿದರೆ 500, ಸುಮಾರು 20 ಮಿಲಿಮೀಟರ್ ಆದರೆ 790ರ ಹತ್ತಿರ. ಬರುವ ಸಂಖ್ಯೆ ಅಂದಾಜಿನದು. ಆದರೆ ಒಂದೇ ಸೆಟ್ಟಿನೊಳಗೆ ಯಾವ ಬಾಣ ಜಾತಿಗೆಟ್ಟದ್ದು ಎಂದು ಹಿಡಿಯಲು ಧಾರಾಳವಾಗಿ ಸಾಕು. 28 ಇಂಚಿಗಿಂತ ಗಿಡ್ಡ ಬಾಣವಾದರೆ ಮೊಳೆ ಹತ್ತಿರ ಹೊಡೆದು ಒಂದಕ್ಕೊಂದು ಹೋಲಿಸಬಹುದಷ್ಟೇ, ಸ್ಪೈನ್ ಸಿಗುವುದಿಲ್ಲ.

ತೂಕ ಮುಂದೆ ಎಷ್ಟಿದೆ ಎಂಬುದನ್ನೂ ಒಮ್ಮೆ ನೋಡಿ. ಬಾಣವನ್ನು ಬೆರಳ ಮೇಲೆ ಸಮತೂಕಕ್ಕೆ ನಿಲ್ಲಿಸಿ, ನಾಕಿನ ಗುಳಿಯಿಂದ ಆ ಬಿಂದುವಿಗೆ ಎಷ್ಟು ದೂರ ಅಳೆಯಿರಿ. 28 ಇಂಚಿನ ಬಾಣ 17.5 ಇಂಚಿನಲ್ಲಿ ಸಮ ನಿಂತರೆ, ಅರ್ಧ ಉದ್ದ 14 ಕಳೆದು 3.5, ಅದನ್ನು 28ರಿಂದ ಭಾಗಿಸಿದರೆ ಶೇಕಡಾ 12.5. ರಿಕರ್ವ್ ಟಾರ್ಗೆಟ್ ಬಾಣಗಳಿಗೆ ಶೇಕಡಾ 11ರಿಂದ 16 ರೂಢಿ. ಇದಕ್ಕಿಂತ ತೀರಾ ಕಡಿಮೆಯಿದ್ದರೆ ಮೊನೆ ಹಗುರವಾಗಿ ಬಾಣ ದಾರಿಯಲ್ಲಿ ತಡಬಡಾಯಿಸುತ್ತದೆ.

ಈಗ ಪ್ಲಂಜರ್

ಬಾಣ ಸರಿ, ನಾಕಿಂಗ್ ಪಾಯಿಂಟ್ ಸರಿ, ಬರಿ ಬಾಣ ಗುಂಪಿನ ಪಕ್ಕದಲ್ಲೇ ಬೀಳುತ್ತಿದೆ. ಎಡಕ್ಕಿದ್ದರೆ ಸ್ಪ್ರಿಂಗ್ ಸಡಿಲಿಸಿ, ಬಲಕ್ಕಿದ್ದರೆ ಬಿಗಿ ಮಾಡಿ. ಕಾಲು ಸುತ್ತು ತಿರುಗಿಸಿ, ಹೊಡೆದು, ಬರೆದುಕೊಳ್ಳಿ. ಸ್ಪ್ರಿಂಗ್ ಪೂರ್ತಿ ಬಿಗಿ ಅಥವಾ ಪೂರ್ತಿ ಸಡಿಲದ ಅಂಚಿಗೆ ಬಂದು ನಿಂತಿದ್ದರೆ ಬಾಣದ ಆಯ್ಕೆ ತಪ್ಪಿದೆ ಎಂದು ಅದು ಹೇಳುತ್ತಿದೆ. ಪ್ಲಂಜರಿನ ಪಿನ್ ಒಳಗೆ ಧೂಳು ಕೂತು ಸಿಕ್ಕಿಹಾಕಿಕೊಳ್ಳುವುದುಂಟು. ಬಯಲುಸೀಮೆಯ ಕೆಮ್ಮಣ್ಣಿನ ಮೈದಾನಗಳಲ್ಲಿ ತಿಂಗಳಿಗೊಮ್ಮೆ ಬಿಚ್ಚಿ ಒರೆಸುವುದು ಒಳ್ಳೆಯದು.

ಗರಿ ತಗುಲುತ್ತಿದ್ದರೆ

ಮುಖಕ್ಕೆ ಹಚ್ಚುವ ಪೌಡರನ್ನು ರೆಸ್ಟ್, ಅದರ ಹತ್ತಿರದ ರೈಸರ್ ಮತ್ತು ಬಾಣದ ಬಾಲದ ಭಾಗಕ್ಕೆ ತೆಳ್ಳಗೆ ಸವರಿ ಒಂದು ಬಾಣ ಹೊಡೆಯಿರಿ. ಪೌಡರ್ ಕೆರೆದುಹೋದ ಗೀಟು ಎಲ್ಲಿದೆಯೋ ಅಲ್ಲಿ ತಗುಲುತ್ತಿದೆ. ಬೇರೆ ಬಣ್ಣದ ಗರಿ ರೈಸರಿನ ವಿರುದ್ಧ ದಿಕ್ಕಿಗೆ, ಹೊರಗೆ ನೋಡುತ್ತಿರಬೇಕು. ಆದರೂ ತಗುಲಿದರೆ ನಾಕನ್ನು ಚೂರು ಚೂರೇ ತಿರುಗಿಸಿ ನೋಡಿ. ರೆಸ್ಟಿನ ತಂತಿ ಬಾಣದ ಅಗಲಕ್ಕಿಂತ ಹೊರಗೆ ಚಾಚಿದ್ದರೆ ಮೇಲಿನಿಂದ ನೋಡಿದಾಗ ಕಾಣುತ್ತದೆ, ಅದನ್ನು ಒಳಕ್ಕೆ ಬಾಗಿಸಿ ಅಥವಾ ಕತ್ತರಿಸಿ. ಬಿಗಿ ಬಾಣವೂ ಹೀಗೇ ತಗುಲುತ್ತದೆ. ಆದ್ದರಿಂದ ಬರಿ ಬಾಣದ ಪರೀಕ್ಷೆ ಮುಗಿಸದೆ ಇಲ್ಲಿಗೆ ಬಂದವರು ವಾಪಸ್ ಹೋಗಿ.

ಬಿದಿರಿನ ಬಿಲ್ಲು

ಬಿದಿರಿನ ಬಿಲ್ಲಿನ ಸ್ಪರ್ಧೆಯಾದ ಇಂಡಿಯನ್ ರೌಂಡ್ ಹೊಡೆಯುವವರಿಗೆ ಪ್ಲಂಜರ್ ಇಲ್ಲ, ನಡುವೆ ಕೊರೆದ ರೈಸರ್ ಇಲ್ಲ. ಬಾಣ ಹಿಡಿಯ ದಪ್ಪವನ್ನೆಲ್ಲ ಬಳಸಿ ಹೋಗಬೇಕು. ಅದೇ ಪೌಂಡೇಜಿನ ರಿಕರ್ವಿಗಿಂತ ಇಲ್ಲಿ ಮೆತ್ತನೆಯ ಬಾಣವೇ ಬೇಕು. ರಿಕರ್ವ್ ಚಾರ್ಟ್ ನೋಡಿ ಕೊಂಡರೆ ಎಡಕ್ಕೆ ಹೋಗುವುದು ಖಂಡಿತ. ಕೈಯಲ್ಲಿ ಹೊಂದಿಸಬಹುದಾದ್ದು ಬಾಣದ ಉದ್ದ, ಪಾಯಿಂಟಿನ ತೂಕ, ಬಾಣ ಉಜ್ಜುವ ಜಾಗಕ್ಕೆ ಅಂಟಿಸುವ ಚರ್ಮದ ದಪ್ಪ, ಇಷ್ಟೇ. ಚರ್ಮ ತೆಳ್ಳಗಾದರೆ ಬಾಣ ನಡುವಿಗೆ ಹತ್ತಿರ ಬರುತ್ತದೆ, ಎಡದ ಒಲವು ಇಳಿಯುತ್ತದೆ.

ಬಿದಿರು ಅಥವಾ ಮರದ ಬಾಣಗಳಲ್ಲಿ ಒಂದು ಡಜನ್ ಒಂದೇ ಥರ ಸಿಗುವುದು ಅಪರೂಪ. ಮೇಲೆ ಹೇಳಿದ ಮೊಳೆ-ಬಾಟಲಿಯ ಪರೀಕ್ಷೆ ಇಲ್ಲಿ ನಿಜಕ್ಕೂ ದುಡಿಯುತ್ತದೆ. ಇಪ್ಪತ್ತು ಕಡ್ಡಿ ಅಳೆದು ಹತ್ತಿರ ಹತ್ತಿರ ತಗ್ಗುವ ಆರನ್ನು ಆರಿಸಿ. ಕಡ್ಡಿಯನ್ನು ತಿರುಗಿಸಿ ತಿರುಗಿಸಿ ಅಳೆದರೆ ಒಂದು ಮಗ್ಗುಲು ಬಿಗಿ, ಇನ್ನೊಂದು ಮೆತ್ತಗೆ ಇರುವುದು ಕಾಣುತ್ತದೆ. ಎಲ್ಲ ಬಾಣಗಳಲ್ಲೂ ಒಂದೇ ಮಗ್ಗುಲು ಬಿಲ್ಲಿನ ಕಡೆ ಬರುವಂತೆ ನಾಕ್ ಕೊರೆಯಿರಿ. 30, 50 ಮೀಟರಿನಲ್ಲಿ ಅಂಕ ಏರಿಸಲು ಹೊಸ ಬಿಲ್ಲಿಗಿಂತ ಈ ಆಯ್ಕೆಯ ಕೆಲಸಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಗಾಳಿ, ಬಿಸಿಲು

ಜೋಗಿಮಟ್ಟಿ ಗುಡ್ಡದ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಚಿತ್ರದುರ್ಗದ ಬಯಲಿನಲ್ಲಿ ಆಷಾಢದ ಗಾಳಿಗೆ ಬಾಣ ಪಕ್ಕಕ್ಕೆ ಸರಿಯುವುದು ದೋಷವಲ್ಲ, ಆ ಹೊತ್ತಿನಲ್ಲಿ ಬರಿ ಬಾಣದ ಪರೀಕ್ಷೆ ಮಾಡುವುದು ದೋಷ. ಗರಿ ಬಾಣವನ್ನು ಗಾಳಿ ಒಂದು ಥರ ತಳ್ಳುತ್ತದೆ, ಬರಿ ಬಾಣವನ್ನು ಇನ್ನೊಂದು ಥರ. ಎರಡರ ನಡುವಿನ ಅಂತರ ನೋಡಿ ಸ್ಪ್ರಿಂಗ್ ತಿರುಗಿಸಿದರೆ ಗಾಳಿಗೆ ಟ್ಯೂನ್ ಮಾಡಿದ ಹಾಗೆ. ಬೆಳಗಿನ ಆರು-ಏಳರ ಹೊತ್ತು, ಮರದೆಲೆ ಅಲುಗದಿದ್ದಾಗ, ಅಥವಾ ಗೋಡೆಯ ಮರೆಯಲ್ಲಿ ಮಾಡಿ.

ಬೇಸಿಗೆಯಲ್ಲಿ ಇನ್ನೊಂದು ಹೊಸ ದೂರು ಹುಟ್ಟುತ್ತದೆ: ಬಾಣ ಕೀಳುವಾಗ ಪಾಯಿಂಟ್ ಟಾರ್ಗೆಟ್ಟಿನೊಳಗೇ ಉಳಿಯುವುದು, ಒಳ್ಳೆಯ ಬಾಣಗಳು ಇದ್ದಕ್ಕಿದ್ದಂತೆ ಓಲಾಡುವುದು. ಬಾಣದ ಪೆಟ್ಟಿಗೆಯನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿಟ್ಟರೆ ಪಾಯಿಂಟಿನ ಹಾಟ್‌ಮೆಲ್ಟ್ ಅಂಟು ಮೆತ್ತಗಾಗುತ್ತದೆ, ಪಾಯಿಂಟ್ ಚೂರು ಓರೆಯಾಗಿ ಮತ್ತೆ ಗಟ್ಟಿಯಾಗುತ್ತದೆ. ಉಗುರಿನ ಮೇಲೆ ತಿರುಗಿಸಿ ನೋಡಿದರೆ ತಿಳಿಯುತ್ತದೆ. ಮತ್ತೆ ಅಂಟಿಸುವಾಗ ಬೆಂಕಿಯನ್ನು ಕಾರ್ಬನ್ ಶಾಫ್ಟಿಗೆ ಹಿಡಿಯಬೇಡಿ, ಒಳಗಿನ ರಾಳ ಸುಟ್ಟು ಬಾಣ ಸಾಯುತ್ತದೆ. ಪಾಯಿಂಟನ್ನು ಇಕ್ಕಳದಲ್ಲಿ ಹಿಡಿದು ಅದನ್ನಷ್ಟೇ ಕಾಯಿಸಿ, ಅಂಟು ಸವರಿ, ತಿರುಗಿಸುತ್ತ ಒಳಗೆ ತಳ್ಳಿ, ತಣ್ಣೀರಲ್ಲಿ ಅದ್ದಿ. ಆಮೇಲೆ ಮತ್ತೊಮ್ಮೆ ಉಗುರಿನ ಮೇಲೆ.